ಎದೆಯ ಕರೆಂಟ್ ಪರೀಕ್ಷೆ: ಇಸಿಜಿ, ಹೋಲ್ಟರ್, ಟಿಎಂಟಿಗೆ ಹೋಗುವವರಿಗೆ

"ಕರೆಂಟ್ ಹೊಡೀತದೇನವ್ವ?"

ಮದ್ದೂರು ಕಡೆಯ ಅಜ್ಜ ಒಬ್ಬರು ಮೊನ್ನೆ ಮಂಚದ ಮೇಲೆ ಮಲಗಿ, ಎರಡೂ ಕೈಯಲ್ಲಿ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕೇಳಿದರು. ಕೈಕಾಲಿಗೆ ಕ್ಲಿಪ್ಪು ಹಾಕಿ ಆಗಿತ್ತು, ಎದೆಗೆ ರಬ್ಬರ್ ಬಲ್ಬುಗಳೂ ಅಂಟಿದ್ದವು. ಆದರೆ ಮಿಷನ್ನಿನ ಪರದೆಯಲ್ಲಿ ಗೆರೆ ಸರಿಯಾಗಿ ಬರುತ್ತಿರಲಿಲ್ಲ. ಗರಗಸದ ಹಲ್ಲಿನ ಹಾಗೆ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಬಿಗಿಹಿಡಿದ ತೋಳಿನದು. "ಇಲ್ಲ ಕಣಜ್ಜ, ಈ ಮಿಷನ್ನು ನಿಮಗೆ ಏನೂ ಕೊಡಲ್ಲ, ನಿಮ್ಮಿಂದ ಈಸ್ಕೊಳ್ತದೆ ಅಷ್ಟೆ" ಎಂದೆ. ಅವರು ಒಮ್ಮೆ ಉಸಿರು ಬಿಟ್ಟು ಬೆರಳು ಸಡಿಲಿಸಿದರು. ಗೆರೆ ತಿಳಿಯಾಯಿತು.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಇಸಿಜಿ, ಅಂದರೆ ಹೃದಯದ ಕರೆಂಟನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಪರೀಕ್ಷೆ, ತೆಗೆಯುವ ಕೆಲಸಕ್ಕೆ ಸೇರಿ ನನಗೆ ಹದಿನೆಂಟು ವರ್ಷ ಆಯಿತು. ನಾನು ಡಾಕ್ಟರ್ ಅಲ್ಲ, ಕಾಗದ ಓದಿ ತೀರ್ಮಾನ ಹೇಳುವುದು ಅವರ ಕೆಲಸ. ಆದರೆ ಡಾಕ್ಟರ ಕೈಗೆ ಆ ಕಾಗದ ಹೋಗುವ ಮೊದಲು ಏನೇನು ತಪ್ಪುತ್ತದೆ, ಕಾಗದ ಕೈಗೆ ಬಂದ ಮೇಲೆ ಜನ ಅದನ್ನು ಹೇಗೆ ತಪ್ಪಾಗಿ ತಿಳಿಯುತ್ತಾರೆ ಎನ್ನುವುದನ್ನು ದಿನಾ ನೋಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದಿದೆ. ಸಾಮಾನ್ಯ ಇಸಿಜಿ ನಿಮ್ಮ ಹೃದಯವನ್ನು ನೋಡುವುದು ಸುಮಾರು ಹತ್ತು ಸೆಕೆಂಡು. ಒಂದು ದಿನಕ್ಕೆ 86,400 ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಹೃದಯ ಹೇಗಿತ್ತು ಎನ್ನುವುದಕ್ಕೆ ಕಾಗದ ಸಾಕ್ಷಿ ಹೇಳುತ್ತದೆ. ನಿನ್ನೆ ರಾತ್ರಿಯ ವಿಷಯವಾಗಲಿ ನಾಳೆಯ ವಿಷಯವಾಗಲಿ ಅದಕ್ಕೆ ಅಷ್ಟಾಗಿ ಗೊತ್ತಿಲ್ಲ.

ಇದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ಪಾಂಡವಪುರದ ಹತ್ತಿರ ನನ್ನ ಸೋದರಮಾವ ಇದ್ದಾರೆ. ಕೆಲವು ವರ್ಷದ ಹಿಂದೆ, ಕಬ್ಬು ಕಡಿಸುತ್ತಿದ್ದ ದಿನ, ರಾತ್ರಿ ಮುದ್ದೆ ಉಂಡು ಮಲಗಿದವರಿಗೆ ಎದೆ ಮೇಲೆ ಕಲ್ಲು ಹೇರಿದ ಹಾಗಾಯಿತು. "ಗ್ಯಾಸ್ಟ್ರಿಕ್ ಕಣ್ಮಗ" ಎಂದು ಮರುದಿನ ಫೋನಿನಲ್ಲಿ ನನಗೂ ಅದನ್ನೇ ಹೇಳಿದರು. ರಾತ್ರಿ ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಬೆಳಗು ಮಾಡಿದ್ದರು. ಬೆಳಿಗ್ಗೆ ನೋವು ಪೂರ್ತಿ ಬಿಟ್ಟ ಮೇಲೆ ಒಂದು ಕ್ಲಿನಿಕ್ಕಿಗೆ ಹೋಗಿ ಇಸಿಜಿ ತೆಗೆಸಿದರು. ನಾರ್ಮಲ್ ಬಂತು. ರಾತ್ರಿ ನೋವು ಎಷ್ಟು ಹೊತ್ತು ಇತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನೋವು ಮತ್ತೆ ಬಂದರೆ ಕೂಡಲೇ ಬನ್ನಿ ಎಂದೂ ಹೇಳಲಿಲ್ಲ. ಮಧ್ಯಾಹ್ನ ಅದೇ ನೋವು ಬೆವರಿನ ಜೊತೆ ಮತ್ತೆ ಬಂತು. ಅತ್ತೆ ಆಸ್ಪತ್ರೆಗೆ ಹೋಗೋಣ ಎಂದರೆ ಮಾವ, "ಬೆಳಿಗ್ಗೆ ತಾನೆ ನಾರ್ಮಲ್ ಬಂದದೆ" ಎಂದು ಎರಡು ಗಂಟೆ ಜಗಲಿ ಮೇಲೆ ಕೂತರು. ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ನೋವು ಇರುವಾಗಲೇ ತೆಗೆದ ಇಸಿಜಿಯಲ್ಲಿ ಗೆರೆ ಗುಡ್ಡದ ಹಾಗೆ ಎದ್ದು ಕೂತಿತ್ತು. ಹೃದಯಾಘಾತ. ಬದುಕಿದರು, ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದರು. ಆದರೆ ಆ ಎರಡು ಗಂಟೆಯಲ್ಲಿ ಹೃದಯದ ಒಂದಷ್ಟು ಮಾಂಸ ಸತ್ತುಹೋಗಿತ್ತು. ಈಗ ಗದ್ದೆಯ ಬದು ಹತ್ತಿದರೆ ಏದುಸಿರು.

ಬೆಳಿಗ್ಗೆಯ ಇಸಿಜಿ ಸುಳ್ಳು ಹೇಳಿರಲಿಲ್ಲ. ಆ ಹತ್ತು ಸೆಕೆಂಡು ನಿಜವಾಗಿಯೂ ಚೆನ್ನಾಗಿಯೇ ಇತ್ತು. ನಾವು ಅದರಿಂದ ಹೆಚ್ಚಿನದನ್ನು ಕೇಳಿದೆವು.

ನೋವು ಈಗ ಇದ್ದರೆ ಮೊದಲು ಇದನ್ನು ಓದಿ

ಎದೆಯಲ್ಲಿ ಒತ್ತಿದ ಹಾಗೆ, ಹಿಂಡಿದ ಹಾಗೆ ಆಗಿ ಹದಿನೈದು ನಿಮಿಷವಾದರೂ ಬಿಡದಿದ್ದರೆ, ತೋಳಿಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಬಂದರೆ ಉಳಿದದ್ದನ್ನು ಆಮೇಲೆ ಓದಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಿಪರೀತ ಸುಸ್ತು, ಮೇಲುಹೊಟ್ಟೆಯ ಸಂಕಟ, ವಾಂತಿ ಇಷ್ಟೇ ಇರಬಹುದು. ಅವರನ್ನು "ಗ್ಯಾಸು" ಎಂದು ಮಲಗಿಸಬೇಡಿ.

ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಎಷ್ಟೋ ಮಂದಿ ಹತ್ತಿರದ ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು, ಬೈಕಿನಲ್ಲೋ ಬಾಡಿಗೆ ಕಾರಿನಲ್ಲೋ ನೇರವಾಗಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಬರುತ್ತಾರೆ. ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ದಾರಿಯಲ್ಲಿ ಹೃದಯ ನಿಂತರೆ ಕಾರಿನಲ್ಲಿ ಯಾರೂ ಏನೂ ಮಾಡಲಾರರು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಲ್ಲಿಂದಲೇ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿ ತೋರಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಸಾವಿರಾರು ರೂಪಾಯಿ. ಆಮೇಲೆ ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವ ದಿನವೇ ಹೋಗಿ ಕೇಳಿ ತಿಳಿದುಕೊಳ್ಳಿ.

ಎದೆನೋವಿನಿಂದ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಎನ್ನುವುದು ವೈದ್ಯಕೀಯ ನಿಯಮ. ಚೀಟಿಯ ಸಾಲಿನಲ್ಲಿ ನಿಲ್ಲಬೇಡಿ. "ಎದೆನೋವು, ಈಗಲೂ ಇದೆ" ಎಂದು ಜೋರಾಗಿ ಹೇಳಿ. ಮೊದಲ ಇಸಿಜಿ ನಾರ್ಮಲ್ ಬಂದು ನೋವು ಮುಂದುವರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ತೆಗೆಯುತ್ತಾರೆ, ಹೃದಯದ ಮಾಂಸಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ. ತಾವಾಗಿ ಮಾಡದಿದ್ದರೆ ನೀವೇ ಕೇಳಿ: "ಸಾರ್, ಇನ್ನೊಂದು ಸಲ ಇಸಿಜಿ ನೋಡಬೇಕಾ?" ಕೇಳಿದ್ದಕ್ಕೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎದೆಯೊಳಗಿನ ಕರೆಂಟು ಎಂದರೇನು

ಕನ್ನಂಬಾಡಿಯ ನೀರು ನಾಲೆಯಲ್ಲಿ ಮಂಡ್ಯದ ಗದ್ದೆಗೆ ಬರುವುದನ್ನು ನೆನೆಸಿಕೊಳ್ಳಿ. ಹೃದಯದ ಬಲ ಮೇಲುಕೋಣೆಯ ಒಂದು ಮೂಲೆಯಲ್ಲಿ ಮಿಡಿತದ ಕರೆಂಟು ಹುಟ್ಟುತ್ತದೆ. ಅಲ್ಲಿಂದ ಎರಡೂ ಮೇಲುಕೋಣೆಗಳಿಗೆ ಹರಡಿ ನಡುವೆ ಒಂದು ತೂಬಿನ ಹತ್ತಿರ ಬಂದು, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆದು ನಿಲ್ಲುತ್ತದೆ. ಮೇಲುಕೋಣೆಯ ರಕ್ತ ಕೆಳಗಿಳಿಯಲು ಆ ಬಿಡುವು ಬೇಕು. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕಾಲುವೆಯಾಗಿ ಕೆಳಕೋಣೆಗಳಿಗೆ ಹರಿದು, ಅವು ಹಿಂಡಿಕೊಂಡು ರಕ್ತವನ್ನು ಮೈಗೆಲ್ಲ ತಳ್ಳುತ್ತವೆ.

ಕಾಗದದ ಮೇಲೆ ಮೊದಲು ಕಾಣುವ ಸಣ್ಣ ದಿಬ್ಬ ಮೇಲುಕೋಣೆಯದು, ಅದಕ್ಕೆ ಪಿ ಎಂದು ಹೆಸರು. ಆಮೇಲಿನ ಚೂಪಾದ ಗೋಪುರ ಕ್ಯೂಆರ್‌ಎಸ್, ಕೆಳಕೋಣೆಯದು. ಕೊನೆಯ ಅಗಲ ದಿಬ್ಬ ಟಿ, ಕೆಳಕೋಣೆ ಮುಂದಿನ ಮಿಡಿತಕ್ಕೆ ಸಜ್ಜಾಗುವ ಗುರುತು. ಎಡ ಅಥವಾ ಬಲ ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಆ ಬದಿಯ ಗದ್ದೆಗೆ ಪಕ್ಕದ ಗದ್ದೆಯಿಂದ ನೀರು ನಿಧಾನವಾಗಿ ಜಿನುಗಿ ಬರುತ್ತದಲ್ಲ, ಹಾಗೆಯೇ ಇಲ್ಲೂ. ಗೋಪುರ ಅಗಲವಾಗುತ್ತದೆ. ಇದನ್ನೇ ಬಂಡಲ್ ಬ್ರಾಂಚ್ ಬ್ಲಾಕ್ ಎನ್ನುತ್ತಾರೆ. ರಿಪೋರ್ಟಿನಲ್ಲಿ "ಬ್ಲಾಕ್" ಎಂಬ ಪದ ಕಂಡು "ನನಗೆ ಬ್ಲಾಕೇಜ್ ಇದೆ, ಸ್ಟೆಂಟ್ ಹಾಕಬೇಕು" ಎಂದು ಅಳುತ್ತಾ ಕೂತವರನ್ನು ನಾನು ಎಷ್ಟೋ ಸಲ ಸಮಾಧಾನ ಮಾಡಿದ್ದೇನೆ. ಇದು ಕರೆಂಟಿನ ದಾರಿಯ ತಡೆ. ರಕ್ತನಾಳದ ತಡೆ ಬೇರೆ.

ಪಂಪ್‌ಸೆಟ್ ಇಟ್ಟವರಿಗೆ ಈ ವ್ಯತ್ಯಾಸ ಬೇಗ ಹಿಡಿಸುತ್ತದೆ. ವೈರಿಂಗ್ ನೋಡುವುದು ಇಸಿಜಿ. ಮೋಟಾರು ಎಷ್ಟು ನೀರು ಎತ್ತುತ್ತಿದೆ, ವಾಲ್ವ್ ಸೋರುತ್ತಿದೆಯೇ ಎಂದು ನೋಡುವುದು ಎಕೋ. ಪೈಪು ಕಟ್ಟಿಕೊಂಡಿದೆಯೇ ಎಂದು ನೋಡುವುದು ಆಂಜಿಯೋಗ್ರಾಂ. "ಇಸಿಜಿ ಆಯ್ತಲ್ಲ, ಮತ್ತೆ ಎಕೋ ಯಾಕೆ, ದುಡ್ಡು ಮಾಡೋಕಾ?" ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಇಸಿಜಿಗೆ ಹೊರಡುವ ಮೊದಲು

ಉಪವಾಸ ಬೇಡ. ದಿನದ ಮಾತ್ರೆ ಬಿಡುವುದೂ ಬೇಡ. ಗರ್ಭಿಣಿಯರಿಗೆ, ಹಸುಗೂಸಿಗೆ, ಪೇಸ್‌ಮೇಕರ್ (ಮಿಡಿತ ತಪ್ಪದಂತೆ ಎದೆಯೊಳಗೆ ಇಡುವ ಸಣ್ಣ ಯಂತ್ರ) ಹಾಕಿಸಿಕೊಂಡವರಿಗೆ, ಯಾರಿಗೂ ಇದರಿಂದ ತೊಂದರೆ ಇಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಕಾರ್ಡ್ ತನ್ನಿ.

ಆ ದಿನ ಎದೆಗೆ ಕೊಬ್ಬರಿ ಎಣ್ಣೆ, ನೋವಿನ ಮುಲಾಮು, ಪೌಡರ್ ಹಚ್ಚಬೇಡಿ. ಎದೆನೋವು ಎಂದು ರಾತ್ರಿಯೆಲ್ಲ ಮುಲಾಮು ತಿಕ್ಕಿಕೊಂಡು ಬಂದವರ ಎದೆಯಿಂದ ಬಲ್ಬು ಜಾರಿ ಜಾರಿ ಬೀಳುತ್ತದೆ. ಒರೆಸಿ ಮತ್ತೆ ಹಾಕುವಷ್ಟರಲ್ಲಿ ಹೊತ್ತು ಹೋಗುತ್ತದೆ. ನಾವು ಹಚ್ಚುವ ತಣ್ಣನೆಯ ಜೆಲ್ಲಿ ಚರ್ಮದಿಂದ ಕರೆಂಟು ಸರಾಗವಾಗಿ ಹರಿಯಲಿ ಎಂದು. ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವನ್ ಈ ಯಂತ್ರವನ್ನು ರೂಪಿಸಿದ ಕಾಲದಲ್ಲಿ ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿಕೊಂಡು ಕೂರಬೇಕಿತ್ತು. ಆ ಕೆಲಸಕ್ಕೆ ಅವರಿಗೆ 1924ರಲ್ಲಿ ನೊಬೆಲ್ ಬಂತು. ಉಪ್ಪುನೀರು ಹೋಗಿ ಜೆಲ್ಲಿ ಬಂದಿದೆ, ತತ್ವ ಅದೇ.

ಹೆಂಗಸರಿಗೆ ಎರಡು ಮಾತು. ಮುಂದೆ ಬಿಚ್ಚುವ ರವಿಕೆ ಅಥವಾ ಶರ್ಟಿನಂಥ ಬಟ್ಟೆ ಹಾಕಿಕೊಂಡು ಬಂದರೆ ಸುಲಭ. ತಾಳಿ ತೆಗೆಯಬೇಕು ಎಂದು ಹೆದರುವವರು ಬಹಳ. ತೆಗೆಯಬೇಕಾಗಿಲ್ಲ, ಕತ್ತಿನ ಪಕ್ಕಕ್ಕೆ ಸರಿಸಿದರೆ ಸಾಕು. ಬಳೆ ಮೇಲಕ್ಕೇರಿಸಿಕೊಳ್ಳಿ, ಕಾಲ್ಗೆಜ್ಜೆಯನ್ನು ಸ್ವಲ್ಪ ಮೇಲೆ ಸರಿಸಿ, ಕಾಲುಂಗುರ ಹಾಗೇ ಇರಲಿ. ಎದೆಯ ಮೇಲೆ ಆರು ಕಡೆ ಬಲ್ಬು ಹಾಕಬೇಕು, ಅದರಲ್ಲಿ ಮೂರ್ನಾಲ್ಕು ಎಡ ಸ್ತನದ ಕೆಳಗಿನ ಮಡಿಕೆಯ ಸುತ್ತ ಬರುತ್ತವೆ. ಸಂಕೋಚಕ್ಕೆ ಬಟ್ಟೆಯ ಮೇಲೆಯೋ, ಎಲ್ಲೋ ಮೇಲಕ್ಕೋ ಹಾಕಿದರೆ ಗೆರೆ ಬದಲಾಗಿ ಇಲ್ಲದ ರೋಗ ಕಾಣಬಹುದು, ಇರುವುದು ಮುಚ್ಚಿಹೋಗಬಹುದು. ಪರದೆ ಎಳೆಯಿರಿ, ಹೆಂಗಸರೇ ತೆಗೆಯಲಿ, ಮೇಲೊಂದು ಬಟ್ಟೆ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಸಂಕೋಚದಿಂದ ಇಸಿಜಿಯನ್ನೇ ಬೇಡ ಎಂದು ಎದ್ದು ಹೋದ ತಾಯಂದಿರು ಇದ್ದಾರೆ. ಅವರು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಂಡಸರಿಗೆ ಎದೆಯ ಕೂದಲು ದಟ್ಟವಾಗಿದ್ದರೆ ಒಂದೆರಡು ಕಡೆ ಬೋಳಿಸುತ್ತೇವೆ, ಅಷ್ಟೆ.

ಮಂಚದ ಮೇಲೆ

ಮೆಟ್ಟಿಲು ಹತ್ತಿಕೊಂಡು ಬಂದಿದ್ದರೆ ಐದು ನಿಮಿಷ ಕೂತು ಸುಧಾರಿಸಿಕೊಳ್ಳಿ. (ನೋವು ಇದ್ದರೆ ಕಾಯುವುದು ಬೇಡ.) ಫೋನ್ ಜೇಬಿನಿಂದ ತೆಗೆದು ಜೊತೆಯವರಿಗೆ ಕೊಡಿ. ಕೈ ಮೈ ಸಡಿಲ ಬಿಟ್ಟು ಮಲಗಿ, ಮಾತು ಬೇಡ, ಉಸಿರಾಟ ಎಂದಿನಂತೆ ಇರಲಿ. ಚಳಿಯಿಂದ ನಡುಗುತ್ತಿದ್ದರೆ ಹೊದಿಕೆ ಕೇಳಿ.

ಒಂದನ್ನು ನೀವೇ ನೋಡಿಕೊಳ್ಳಬಹುದು. ನಮ್ಮಲ್ಲಿ ಬಳಸುವ ಹೆಚ್ಚಿನ ಮಿಷನ್ನುಗಳಲ್ಲಿ ಕೆಂಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಅಮೆರಿಕದ ಪದ್ಧತಿಯ ಮಿಷನ್ ಆದರೆ ಬಣ್ಣ ಬೇರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ರಾತ್ರಿ ಪಾಳಿಯಲ್ಲಿ ನಾನು ಎರಡು ಕೈಯ ಕ್ಲಿಪ್ಪು ಅದಲುಬದಲು ಹಾಕಿದ್ದೆ. ಮೊದಲ ಸಾಲಿನ ಗೆರೆ ತಲೆಕೆಳಗಾಗಿ ಬಂತು. ಡಾಕ್ಟರು ಕಾಗದ ವಾಪಸ್ ಕಳಿಸಿ ಮತ್ತೆ ತೆಗೆಸಿದರು. ಅವರು ಗಮನಿಸದೇ ಹೋಗಿದ್ದರೆ ಆ ಹೆಂಗಸಿಗೆ ಇಲ್ಲದ ಕಾಯಿಲೆಯ ಹೆಸರು ಅಂಟುತ್ತಿತ್ತು. ಅವತ್ತಿನಿಂದ ಕ್ಲಿಪ್ಪು ಹಾಕುವಾಗ ಬಣ್ಣವನ್ನು ಬಾಯಲ್ಲಿ ಹೇಳಿಕೊಂಡೇ ಹಾಕುತ್ತೇನೆ.

ಕಾಗದದ ಮೇಲಿನ ಇಂಗ್ಲಿಷ್ ಸಾಲುಗಳು

ಈಗಿನ ಮಿಷನ್ನುಗಳು ಮೇಲ್ಗಡೆ ತಾವೇ ಒಂದೆರಡು ಸಾಲು ಅಚ್ಚು ಹಾಕುತ್ತವೆ. ಹೊರಗೆ ಬೆಂಚಿನ ಮೇಲೆ ಕೂತು ಅದನ್ನು ಫೋನಿನಲ್ಲಿ ಹುಡುಕಿ ಮುಖ ಬಿಳಿಚಿಕೊಂಡವರು ದಿನಕ್ಕೆ ಒಬ್ಬರಾದರೂ ಸಿಗುತ್ತಾರೆ. ಅದು ಮಿಷನ್ನಿನ ಊಹೆ. ಡಾಕ್ಟರು ನೋಡಿ, ನಿಮ್ಮ ವಯಸ್ಸು, ಲಕ್ಷಣ ಕೇಳಿದ ಮೇಲೆ ಹೇಳುವುದೇ ತೀರ್ಮಾನ.

"ಸೈನಸ್ ರಿದಮ್" ಎಂದರೆ ಮಿಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ ಎಂದರ್ಥ, ಒಳ್ಳೆಯ ಸುದ್ದಿ. ಮೂಗಿನ ಸೈನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ "ಟ್ಯಾಕಿಕಾರ್ಡಿಯ" ಸೇರಿದ್ದರೆ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಡಿತ. ಜ್ವರ, ರಕ್ತಹೀನತೆ, ಥೈರಾಯ್ಡ್, ಬರೀ ಭಯ, ಯಾವುದರಿಂದಲೂ ಬರಬಹುದು. "ಬ್ರಾಡಿಕಾರ್ಡಿಯ" ಎಂದರೆ 60ಕ್ಕಿಂತ ಕಡಿಮೆ. ಮೈಮುರಿದು ಕೆಲಸ ಮಾಡುವವರಿಗೆ, ಓಟಗಾರರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಇದು ಸಾಮಾನ್ಯ. ಆದರೆ ಅದರ ಜೊತೆ ತಲೆಸುತ್ತು, ಜ್ಞಾನ ತಪ್ಪುವುದು ಇದ್ದರೆ ಹೇಳಲೇಬೇಕು. ಬಲಗಡೆಯ ಕಾಲುವೆಯ ಬ್ಲಾಕ್ ಆರೋಗ್ಯವಂತರಲ್ಲೂ ಕಾಣುತ್ತದೆ. ಎಡಗಡೆಯದು ಹೊಸದಾಗಿ ಕಂಡರೆ ಕಾರಣ ಹುಡುಕಬೇಕು. "ಏಟ್ರಿಯಲ್ ಫಿಬ್ರಿಲೇಷನ್" ಎಂದಿದ್ದರೆ ಏನೂ ತೊಂದರೆ ಅನ್ನಿಸದಿದ್ದರೂ ಉದಾಸೀನ ಬೇಡ. ಮೇಲುಕೋಣೆ ಅಡ್ಡಾದಿಡ್ಡಿ ಅದುರುವಾಗ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಬರಬಹುದು.

ಬಡಿತದ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡು. ಎರಡು ಗೋಪುರಗಳ ನಡುವೆ ಎಷ್ಟು ದೊಡ್ಡ ಚೌಕ ಇವೆ ಎಣಿಸಿ 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕ ಇದ್ದರೆ 75. ಎಸ್‌ಎಸ್‌ಎಲ್‌ಸಿ ಓದುವ ಮಕ್ಕಳ ಕೈಲಿ ಮಾಡಿಸಿ, ಖುಷಿಪಡುತ್ತಾರೆ. ಅದಕ್ಕಿಂತ ಮುಂದೆ ಹೋಗಿ ಕಾಯಿಲೆ ಹುಡುಕುವುದು ಮಾತ್ರ ಬೇಡ.

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತಿದ್ದರು. ಯಾವ ನೋವೂ ಇಲ್ಲದ ಎಳೆಯ ಹುಡುಗರೂ ಇದ್ದರು. ಅವರ ಭಯ ನಿಜವಾದದ್ದು. ಆದರೆ ಲಕ್ಷಣವಿಲ್ಲದ ದಿನ ತೆಗೆಸಿದ ಒಂದು ನಾರ್ಮಲ್ ಇಸಿಜಿ ಮುಂದಿನ ಹೃದಯಾಘಾತದ ವಿರುದ್ಧ ರಕ್ಷಾಪತ್ರವಲ್ಲ. ಅಂಥವರು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಬೀಡಿ ಸಿಗರೇಟು ಬಿಟ್ಟರೆ ಅದರ ಫಲ ಹೆಚ್ಚು. ಯಾರು ಖಂಡಿತ ಬರಬೇಕು ಎಂದರೆ, ಆಟ ಆಡುವಾಗ ಅಥವಾ ಓಡುವಾಗ ಜ್ಞಾನ ತಪ್ಪಿದವರು, ಎದೆ ಡವಡವ ಎಂದು ಕಣ್ಣು ಕತ್ತಲಿಟ್ಟವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಂಡಿರುವವರು. ಕೆಲವು ಹುಟ್ಟು ದೋಷಗಳು ಈ ಹತ್ತು ಸೆಕೆಂಡಿನಲ್ಲೇ ಸಿಕ್ಕಿಬೀಳುತ್ತವೆ.

ಹೋಲ್ಟರ್: ಒಂದು ದಿನವಿಡೀ ಕಾವಲು

ಡವಡವ ಬರುತ್ತದೆ, ಆಸ್ಪತ್ರೆ ಬಾಗಿಲಿಗೆ ಬರುವಷ್ಟರಲ್ಲಿ ಹೋಗುತ್ತದೆ. ಇಂಥವರಿಗೆ ಹೋಲ್ಟರ್. ಎದೆಗೆ ಅಂಟುಪಟ್ಟಿ ಹಚ್ಚಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಯನ್ನು ಸೊಂಟಕ್ಕೋ ಕೊರಳಿಗೋ ತೂಗುಹಾಕಿ 24 ಅಥವಾ 48 ಗಂಟೆ ಮನೆಗೆ ಕಳಿಸುತ್ತೇವೆ.

ಬರುವ ಮೊದಲು ಚೆನ್ನಾಗಿ ಸ್ನಾನ ಮಾಡಿಕೊಂಡು ಬನ್ನಿ, ಯಾಕೆಂದರೆ ಕಟ್ಟಿದ ಮೇಲೆ ಬಿಚ್ಚುವ ತನಕ ಸ್ನಾನ ಇಲ್ಲ. ಪಟ್ಟಿ ಕಿತ್ತುಬಂದರೆ ಅದೇ ಜಾಗಕ್ಕೆ ಒತ್ತಿ, ಮೇಲೆ ಟೇಪ್ ಹಾಕಿ. ಫೋನನ್ನು ಪೆಟ್ಟಿಗೆಯ ಪಕ್ಕದ ಜೇಬಿನಲ್ಲಿ ಇಡಬೇಡಿ.

ಜನ ಮಾಡುವ ದೊಡ್ಡ ತಪ್ಪು ಎಂದರೆ, ಪೆಟ್ಟಿಗೆ ಕಟ್ಟಿದ ದಿನ ರಜೆ ಹಾಕಿ ಮಲಗಿಬಿಡುವುದು. ಯಾವ ಕೆಲಸ ಮಾಡುವಾಗ ತೊಂದರೆ ಬರುತ್ತದೋ ಆ ಕೆಲಸವನ್ನೇ ಅವತ್ತೂ ಮಾಡಿ, ಡಾಕ್ಟರು ಬೇಡ ಎಂದಿರದಿದ್ದರೆ. ಹಾಲಿನ ಡೇರಿಗೆ ಕ್ಯಾನ್ ಹೊತ್ತು ಹೋಗುವಾಗ ಬರುತ್ತದೆಯೇ, ಹೋಗಿ. ಇನ್ನೊಂದು, ಡೈರಿ ಬರೆಯದೇ ಇರುವುದು. ನಾವು ಕೊಡುವ ಹಾಳೆ ಖಾಲಿ ವಾಪಸ್ ಬಂದರೆ ಅರ್ಧ ಪರೀಕ್ಷೆ ವ್ಯರ್ಥ. ಒಬ್ಬ ತಾಯಿ ಮಗಳ ಕೈಲಿ ಹೀಗೆ ಬರೆಸಿಕೊಂಡು ಬಂದಿದ್ದರು: "6.10 ಕೊಟ್ಟಿಗೆ ಗುಡಿಸಿದೆ, ಏನಿಲ್ಲ. 11.25 ಬಿಂದಿಗೆ ಎತ್ತಿದೆ, ಎದೆ ಡವಡವ, ಕೂತೆ, ಎರಡು ನಿಮಿಷಕ್ಕೆ ಹೋಯ್ತು. 2.00 ಮಲಗಿದೆ. ರಾತ್ರಿ 9.40 ಸೊಸೆ ಜೊತೆ ಮಾತಾಯ್ತು, ಮತ್ತೆ ಡವಡವ." ಆ ಗಂಟೆಗಳನ್ನೇ ಹಿಡಿದು ಡಾಕ್ಟರು 11.25ರ ಗೆರೆ ನೋಡಿದರು, 9.40ರದನ್ನೂ ನೋಡಿದರು. ಎರಡರಲ್ಲೂ ಒಂದೇ ಬಗೆಯ ಲಯದ ಏರುಪೇರು ಸಿಕ್ಕಿತು. ಆ ಸೊಸೆಯ ಸಾಲು ಬರೆಯಲು ಅವರು ಹಿಂಜರಿಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು. ಡವಡವ ಬಂದ ಗಳಿಗೆಯಲ್ಲಿ ಗೆರೆ ನಾರ್ಮಲ್ ಇದ್ದರೆ ಅದೂ ಬೆಲೆಯುಳ್ಳ ಉತ್ತರವೇ.

ತೊಂದರೆ ತಿಂಗಳಿಗೊಮ್ಮೆ ಬರುವುದಾದರೆ 24 ಗಂಟೆಯ ಬಲೆಗೆ ಅದು ಬೀಳುವುದಿಲ್ಲ. ವಾರಗಟ್ಟಲೆ ಅಂಟಿಕೊಂಡಿರುವ ಪ್ಯಾಚ್, ಚರ್ಮದ ಕೆಳಗೆ ಇಡುವ ಲೂಪ್ ರೆಕಾರ್ಡರ್ ಇವೆ. ಕೈಗಡಿಯಾರದ ಇಸಿಜಿ ಬಗ್ಗೆ ಯುವಕರು ಕೇಳುತ್ತಾರೆ. ಲಯ ತಪ್ಪಿದ್ದನ್ನು ಅದು ಹಿಡಿಯಬಹುದು, ಆ ಚಿತ್ರ ಡಾಕ್ಟರಿಗೆ ತೋರಿಸಿ. ಆದರೆ ಹೃದಯಾಘಾತವನ್ನು ಅದು ಹಿಡಿಯಲಾರದು. ಎದೆನೋವು ಬಂದಾಗ ಗಡಿಯಾರ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಟಿಎಂಟಿ: ನಡೆಸಿ ನೋಡುವುದು

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಬಸವನ ಹತ್ತಿರ ಹೋಗುವಷ್ಟರಲ್ಲಿ ಎದೆ ಹಿಡಿಯುತ್ತದೆ, ಕೂತರೆ ಬಿಡುತ್ತದೆ. ಇಂಥವರ ಇಸಿಜಿ ಮಲಗಿದಾಗ ತೆಗೆದರೆ ಚೊಕ್ಕವಾಗಿರಬಹುದು. ರಕ್ತನಾಳ ಕಿರಿದಾಗಿದ್ದರೂ ಸುಮ್ಮನಿರುವ ಹೃದಯಕ್ಕೆ ಆ ರಕ್ತ ಸಾಕು. ದುಡಿಯುವಾಗ ಸಾಲದು. ಅದಕ್ಕೇ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮಿಷನ್ ಮೇಲೆ ನಡೆಸುತ್ತಾ ಇಸಿಜಿ, ಬಿಪಿ ನೋಡುತ್ತಾರೆ. ಇದೇ ಟಿಎಂಟಿ. ಹೆಚ್ಚಾಗಿ ಬಳಸುವ ಬ್ರೂಸ್ ಪದ್ಧತಿಯಲ್ಲಿ ಗಂಟೆಗೆ ಸುಮಾರು 2.7 ಕಿಲೋಮೀಟರ್ ವೇಗದಲ್ಲಿ ಶುರುವಾಗಿ, ಮೂರು ಮೂರು ನಿಮಿಷಕ್ಕೆ ವೇಗವೂ ಏರುವೂ ಹೆಚ್ಚುತ್ತವೆ. 220ರಲ್ಲಿ ವಯಸ್ಸು ಕಳೆದು, ಅದರ ಶೇ. 85ರಷ್ಟು ಬಡಿತ ಮುಟ್ಟಿಸುವುದು ಗುರಿ. ಐವತ್ತು ವರ್ಷದವರಿಗೆ ಸುಮಾರು 145.

ಎರಡು ಮೂರು ಗಂಟೆ ಮೊದಲು ಹೊಟ್ಟೆತುಂಬ ಊಟ ಬೇಡ, ಕಾಫಿ, ಬೀಡಿ, ಸಿಗರೇಟು ಬೇಡ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಬಂದು ಟ್ರೆಡ್‌ಮಿಲ್ ಮೇಲೆ ಕುಸಿಯುವ ಅಪಾಯವಿದೆ, ಏನು ತಿನ್ನಬೇಕು ಎಂದು ಹಿಂದಿನ ದಿನವೇ ಕೇಳಿ. ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳು ಬಡಿತ ಏರದಂತೆ ತಡೆಯುತ್ತವೆ. ಕೆಲವರಿಗೆ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಕೆಲವರಿಗೆ ಬೇಡ ಎನ್ನುತ್ತಾರೆ. ನೀವೇ ನಿಲ್ಲಿಸಬೇಡಿ, ಇವನ್ನು ಇದ್ದಕ್ಕಿದ್ದಂತೆ ಬಿಡುವುದು ಅಪಾಯ. ಸೀರೆಯಲ್ಲಿ, ಪಂಚೆಯಲ್ಲಿ ಅದರ ಮೇಲೆ ನಡೆಯಲಾಗದು. ಚೂಡಿದಾರ, ಪ್ಯಾಂಟು, ಬಿಗಿಯಾದ ಶೂ ಇರಲಿ.

ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ಆ ಗಳಿಗೆಯಲ್ಲೇ ಹೇಳಿ. "ಇನ್ನೊಂದು ನಿಮಿಷ ತಡಕೊಳ್ತೀನಿ" ಎನ್ನುವ ಛಲ ಇಲ್ಲಿ ಬೇಡವೇ ಬೇಡ. ಅಪರೂಪಕ್ಕೆ ಪರೀಕ್ಷೆಯಲ್ಲೇ ಹೃದಯದ ತೊಂದರೆ ಏಳುವುದುಂಟು. ಸಹಿ ಹಾಕಿಸಿಕೊಳ್ಳುವುದೂ, ಡಾಕ್ಟರು ಹತ್ತಿರದಲ್ಲೇ ಇರುವುದೂ ಅದಕ್ಕೆ. ಎದೆನೋವು ಇದೀಗ ಇರುವವರಿಗೆ ಟಿಎಂಟಿ ಮಾಡಬಾರದು. ಮಂಡಿನೋವಿನವರು ಮೊದಲೇ ಹೇಳಿ, ಇಂಜೆಕ್ಷನ್ ಕೊಟ್ಟು ಎಕೋ ನೋಡುವಂಥ ಬೇರೆ ದಾರಿಗಳಿವೆ. ಪಾಸಿಟಿವ್ (ಗೆರೆಯಲ್ಲಿ ತೊಂದರೆಯ ಸೂಚನೆ ಕಂಡದ್ದು) ಬಂದರೆ ರಕ್ತನಾಳದಲ್ಲಿ ತಡೆ ಇದ್ದೇ ಇದೆ ಎಂದಲ್ಲ, ಹೆಂಗಸರಲ್ಲಿ ಸುಳ್ಳು ಪಾಸಿಟಿವ್ ಹೆಚ್ಚು. ನೆಗೆಟಿವ್ ಬಂದರೆ ಏನೂ ಇಲ್ಲ ಎಂದೂ ಅಲ್ಲ.

ಇಪಿ ಸ್ಟಡಿ

ಇಪಿ ಎಂದರೆ ಎಲೆಕ್ಟ್ರೋಫಿಸಿಯಾಲಜಿ. ಇದು ಎಲ್ಲರಿಗೂ ಬೇಕಾಗುವುದಿಲ್ಲ. ಲಯದ ದೋಷ ಎಲ್ಲಿಂದ ಹುಟ್ಟುತ್ತಿದೆ ಎಂದು ಹೃದಯದ ಒಳಗೇ ಹೋಗಿ ಹುಡುಕುವ ಪರೀಕ್ಷೆ. ತೊಡೆಸಂದಿಯ ರಕ್ತನಾಳದಿಂದ ತೆಳುವಾದ ತಂತಿಗಳನ್ನು ತೂರಿಸುತ್ತಾರೆ. ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತಾರೆ, ಹೆಚ್ಚಿನವರು ಅರೆಎಚ್ಚರದಲ್ಲಿರುತ್ತಾರೆ. ಬೇಕೆಂದೇ ನಿಮ್ಮ ಡವಡವವನ್ನು ಬರಿಸುತ್ತಾರೆ. ಆಗ ಗಾಬರಿಯಾಗಬೇಡಿ, ಅದನ್ನು ಹಿಡಿಯಲೆಂದೇ ಎಲ್ಲರೂ ನಿಂತಿರುತ್ತಾರೆ. ದೋಷದ ಜಾಗ ಸಿಕ್ಕಿದರೆ ಅದೇ ಸಲ ಅದನ್ನು ಸುಟ್ಟು ಸರಿಪಡಿಸುವುದೂ ಉಂಟು, ಅದಕ್ಕೆ ಅಬ್ಲೇಷನ್ ಎನ್ನುತ್ತಾರೆ. ಆರು ಗಂಟೆಯ ಉಪವಾಸ ಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಲಯದ ಮಾತ್ರೆಗಳ ಪಟ್ಟಿ ತೋರಿಸಿ, ಯಾವುದನ್ನು ಎಂದಿನಿಂದ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ಮುಗಿದ ಮೇಲೆ ಕೆಲವು ಗಂಟೆ ಕಾಲು ಮಡಿಸದೆ ಮಲಗಬೇಕು. ಮನೆಗೆ ಬಂದ ಮೇಲೆ ಆ ಜಾಗ ಊದಿಕೊಂಡರೆ, ರಕ್ತ ಒಸರಿದರೆ ಒತ್ತಿಹಿಡಿದು ಆಸ್ಪತ್ರೆಗೆ ಫೋನ್ ಮಾಡಿ. ಖರ್ಚು ಹೆಚ್ಚು. ಸೇರುವ ಮೊದಲೇ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ರೇಷನ್ ಕಾರ್ಡ್, ಆಧಾರ್ ತೋರಿಸಿ ವಿಚಾರಿಸಿ.

ಕಾಗದ ಜೋಪಾನ

ಇಸಿಜಿ ಅಚ್ಚಾಗುವುದು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ, ಬಸ್ ಟಿಕೆಟ್ಟಿನ ಹಾಗೆ. ಬಿಸಿಲಿಗೆ, ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ, ಪ್ಲಾಸ್ಟಿಕ್ ಕವರಿನ ಸೋಂಕಿಗೆ ಗೆರೆ ಮಾಸುತ್ತದೆ. ಭದ್ರವಾಗಿರಲಿ ಎಂದು ಕೆಲವರು ಲ್ಯಾಮಿನೇಷನ್ ಮಾಡಿಸಿ ತರುತ್ತಾರೆ, ಆ ಬಿಸಿಗೆ ಪೂರ್ತಿ ಕಪ್ಪಾಗಿರುತ್ತದೆ. ಲ್ಯಾಮಿನೇಷನ್ ಬೇಡ. ಅವತ್ತೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೊ ತೆಗೆದು ಮಕ್ಕಳಿಗೂ ಕಳಿಸಿ. ಹಿಂಬದಿಯಲ್ಲಿ ತಾರೀಖು, ಗಂಟೆ, ಮತ್ತು "ತೆಗೆಯುವಾಗ ನೋವು ಇತ್ತು" ಅಥವಾ "ಇರಲಿಲ್ಲ" ಎಂದು ಬರೆಯಿರಿ. ಆ ಒಂದು ಸಾಲು ಮುಂದೆ ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ನಮ್ಮ ಮಾವನ ಫೈಲು ಈಗ ನಡುಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿರುತ್ತದೆ. ಹೋದ ಬೇಸಿಗೆಯಲ್ಲಿ ಮತ್ತೆ ಎದೆ ಹಿಡಿದ ಹಾಗಾದಾಗ ಅತ್ತೆ ಕಾಯಲಿಲ್ಲ, ಫೈಲು ಕಂಕುಳಲ್ಲಿ ಇಟ್ಟುಕೊಂಡು ಅವರನ್ನು ಎಬ್ಬಿಸಿಕೊಂಡು ಹೋದರು. ಹೊಸ ಇಸಿಜಿಯಲ್ಲಿ ಗೆರೆ ಸ್ವಲ್ಪ ಕೆಟ್ಟದಾಗೇ ಕಾಣುತ್ತಿತ್ತು. ಅಲ್ಲಿದ್ದ ಡಾಕ್ಟರು ಹಳೆಯ ಜೆರಾಕ್ಸನ್ನು ಅದರ ಪಕ್ಕ ಮೇಜಿನ ಮೇಲೆ ಹರಡಿ, ಸಾಲು ಸಾಲಾಗಿ ಬೆರಳಿಟ್ಟು ನೋಡಿದರು. ಮೂರು ಗಂಟೆ ಇರಿಸಿಕೊಂಡು ಇನ್ನೆರಡು ಸಲ ಇಸಿಜಿ ತೆಗೆದರು, ಟ್ರೋಪೋನಿನ್ ನೋಡಿದರು. ಆಮೇಲೆ ಅತ್ತೆಯನ್ನು ಕರೆದು, "ಇದು ಹಳೇ ಗಾಯದ ಗುರುತೇ ಕಣಮ್ಮ, ಹೊಸದೇನೂ ಇಲ್ಲ. ಈ ನಾಲ್ಕೂ ಕಾಗದಾನೂ ಅದೇ ಫೈಲಿಗೆ ಹಾಕಿಡಿ" ಎಂದು ಮನೆಗೆ ಕಳಿಸಿದರು.